ನೆಗೆಣ್ಣಿಯ ಹಸಿ ಕೈ

ಹೀರೆ ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಕೈ ಬೋರಲು ಮಾಡಿದರೂ ಒಂದು ಬೀಜವೂ ಕೆಳಗೆ ಬೀಳುತ್ತಿರಲಿಲ್ಲ. ನಮ್ಮ ನೆಗೆಣ್ಣಿಯ ಅಂಗೈ ಅಷ್ಟು ಹಸಿ. ಕಪ್ಪು ಬೀಜಗಳು ಆ ಕೆಂಪು ಅಂಗೈಗೆ ಅಂಟಿಕೊಂಡು ಕೂತಿರುತ್ತಿದ್ದವು. ಆಕೆ ಹೆಬ್ಬೆರಳಿನಿಂದ ಒಂದೊಂದನ್ನೇ ಬಿಡಿಸಿ ಮಣ್ಣಿಗೆ ಹಾಕುತ್ತಿದ್ದಳು. ಸುತ್ತ ನಿಂತ ಹೆಣ್ಣುಮಕ್ಕಳು ದೇವರ ಪಲ್ಲಕ್ಕಿ ನೋಡುವ ಹಾಗೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ನನ್ನ ಹೊಟ್ಟೆಯೊಳಗೆ ಮಾತ್ರ ಒಣ ಜೋಳದ ಕಣಿಕೆಗೆ ಬೆಂಕಿ ಬಿದ್ದ ಹಾಗೆ ಆಗುತ್ತಿತ್ತು. ಹೊಟ್ಟೆಕಿಚ್ಚು ಅನ್ನಿ, ಅದೇ. ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವ ಹೆಂಗಸು ನಾನಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರ ಲಗ್ನ ಒಂದೇ ಹಂದರದಲ್ಲಿ, ಒಂದೇ ದಿನ ಆಯಿತು. ನಾವಿಬ್ಬರೂ ಒಂದೇ ಗಾಡಿಯಲ್ಲಿ ಕೂತು ಈ ಊರಿಗೆ ಬಂದೆವು. ವಯಸ್ಸಿನಲ್ಲಿ ನಾನು ಆಕೆಗಿಂತ ಎರಡು ವರ್ಷ ದೊಡ್ಡವಳು. ಆದರೆ ಆಕೆ ಹಿರಿಯ ಮಗನ ಕೈ ಹಿಡಿದಳು, ನಾನು ಕಿರಿಯವನ ಕೈ ಹಿಡಿದೆ. ಹಾಗಾಗಿ ಗಾಡಿ ಇಳಿಯುವುದರೊಳಗೆ ಆಕೆ 'ದೊಡ್ಡಾಕಿ' ಆದಳು, ನಾನು 'ಸಣ್ಣಾಕಿ' ಆದೆ. ನಿನ್ನೆ ಮೊನ್ನೆ ಸೀರೆ ಉಡಲು ಕಲಿತ ಹುಡುಗಿಗೆ ನಾನು 'ಅಕ್ಕಾ' ಎನ್ನಬೇಕಾಯಿತು. ಮೊದಲ ದಿನ ಆ ಮಾತು ಗಂಟಲಿನಿಂದ ಹೊರಗೆ ಬರಲೇ ಇಲ್ಲ. ಅತ್ತೆ ಪಕ್ಕೆಗೆ ತಿವಿದ ಮೇಲೆ ಬಂತು.

ನಮ್ಮ ಅತ್ತೆಗೆ ಒಂದು ರೂಢಿ ಇತ್ತು. ಹೊಸ ಸೊಸೆಯ ಕೈಯಿಂದ ಹಿತ್ತಲಲ್ಲಿ ಬೀಜ ಹಾಕಿಸಿ ಕೈಗುಣ ನೋಡುವುದು. ಮರುದಿನ ಬೆಳಿಗ್ಗೆ ನೆಂಟರಿಷ್ಟರೆಲ್ಲ ಇನ್ನೂ ಮನೆಯಲ್ಲಿರುವಾಗಲೇ ಇಬ್ಬರನ್ನೂ ಹಿತ್ತಲಿಗೆ ಕರೆದರು. ಇಬ್ಬರ ಅಂಗೈಯಲ್ಲೂ ಕುಂಬಳ ಬೀಜ ಇಟ್ಟರು. ಇಡುವಾಗ ನಮ್ಮ ಅಂಗೈಗಳನ್ನು ಹಿಚುಕಿ ನೋಡಿ, ಎಲ್ಲರೂ ಕೇಳುವ ಹಾಗೆ ಹೇಳಿದರು: "ಇದು ಹಸಿ ಕೈ. ಬೆಳಿ ಬರ್ತದ. ಇದು ಒಣ ಕೈ."

ಒಣ ಕೈ ನನ್ನದು. ಕೊಂಕಲ್‌ನಲ್ಲಿ, ನನ್ನ ತವರಿನಲ್ಲಿ, ಬಿತ್ತುವ ದಿನ ನನ್ನನ್ನು ಕರೆಯಲು ಓಣಿಯವರು ಬಾಗಿಲಿಗೆ ಬರುತ್ತಿದ್ದರು. ಅಷ್ಟು ದುಡಿದ ಕೈ ಒಣಗದೆ ಮೆತ್ತಗಿರುತ್ತದೆಯೇ? ಆಕೆಯ ಬಳ್ಳಿ ಹಿತ್ತಲ ಗೋಡೆ ಹತ್ತಿ, ಬಾಜೂ ಮನೆಯ ಮಾಳಿಗೆಗೂ ಹೋಯಿತು. ನನ್ನದು ಹುಟ್ಟಲೇ ಇಲ್ಲ. ಒಂದು ಕೋಳಿ ನನ್ನ ಗುಣಿಯನ್ನು ಕೆದರಿ ಬೀಜ ಕುಕ್ಕಿ ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೇಳಿದೆ. ಸೊಸೆಯ ಮಾತನ್ನು, ಅದೂ ಸಣ್ಣ ಸೊಸೆಯ ಮಾತನ್ನು ಯಾರು ಕೇಳುತ್ತಾರೆ? ಅಂದಿನಿಂದ ನನ್ನ ಕೈಗೆ ಬಿದ್ದ ಆ ಹೆಸರು ಹೋಗಲಿಲ್ಲ.

ಮುಂದೆ ಊರ ಹೆಣ್ಣುಮಕ್ಕಳ ಸಂಘದ ಕಾಯಿಪಲ್ಯದ ಹೊಲ ಆಗದಿದ್ದರೆ ಇದು ನಮ್ಮ ಹಿತ್ತಲಿನ ಮಾತಾಗಿ ಮುಗಿದುಹೋಗುತ್ತಿತ್ತು. ನಮ್ಮೂರು ವಡಗೇರಾದಿಂದ ದೂರವಿಲ್ಲ. ಊರ ಹಿಂದೆ ಹಳ್ಳದ ದಂಡೆಯಲ್ಲಿ ಜಾಲಿ ಬೆಳೆದ ಒಂದು ತುಂಡು ಭೂಮಿ, ಅದರಲ್ಲಿ ಒಂದು ಹಾಳುಬಾವಿ. ಸಂಘದ ಹೆಣ್ಣುಮಕ್ಕಳೆಲ್ಲ ಸೇರಿ ಜಾಲಿ ಕಡಿದೆವು, ಬಾವಿಯ ಹೂಳು ತೆಗೆದೆವು, ಮನೆಗಿಷ್ಟು ಎಂದು ಬದು ಕಟ್ಟಿ ಮಡಿ ಮಾಡಿ ಹಂಚಿಕೊಂಡೆವು. ಹತ್ತಿ, ತೊಗರಿ ಎಲ್ಲ ಗಂಡಸರ ಲೆಕ್ಕ. ಬಂದಾಗ ಒಮ್ಮೆ ಬರುತ್ತದೆ, ಎಲ್ಲಿ ಹೋಯಿತೆಂದು ಕೇಳುವಂತಿಲ್ಲ. ಬೇಸಿಗೆಯ ಕಾಯಿಪಲ್ಯ ಮಾತ್ರ ನಮ್ಮದು. ಮೊಮ್ಮಕ್ಕಳ ಶಾಲೆಯ ಬಟ್ಟೆ, ತವರಿಗೆ ಹೋಗುವ ಬಸ್ಸು, ಮುದುಕರ ಗುಳಿಗೆ, ಎಲ್ಲ ಅದರಿಂದಲೇ. ಅದು ಕೈ ಕೊಟ್ಟರೆ ಮಳೆ ಬರುವವರೆಗೆ ಗಂಡಸರ ಮುಂದೆ ಕೈ ಚಾಚಬೇಕು, ರೊಟ್ಟಿಗೆ ಬರೀ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನಬೇಕು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಅದು ಅತ್ತ ಹೋದಂತೆ ಇತ್ತ ನಮ್ಮ ಕೆಲಸ ಶುರು. ಮೊದಲು ಕುರಿಯವರನ್ನು ಕಾಡಿ ಬೇಡಿ ಕರೆತಂದು, ಹೊಲದಲ್ಲಿ ಹಿಂಡು ನಿಲ್ಲಿಸಿ ಹಿಕ್ಕೆ ಗೊಬ್ಬರ ಬೀಳಿಸಬೇಕು. ಆಮೇಲೆ ಹೆಂಟೆ ಒಡೆಯುವುದು, ಕಾಲುವೆ ತಿದ್ದುವುದು, ಮಡಿಯ ಬದು ಕಟ್ಟುವುದು. ಕೊನೆಗೆ ಬೂದಿಯ ಗಡಿಗೆಯಿಂದ ಬೀಜ ತೆಗೆದು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಬದಿಗೆ ಇಡುವುದು. ಬೀಜ ಸಣ್ಣಗೆ ಮೂತಿ ಒಡೆದಾಗ ಮಣ್ಣಿಗೆ ಬೀಳಬೇಕು. ಮುಂಚೆಯೂ ಬೇಡ, ತಡವೂ ಬೇಡ. ಇದರಲ್ಲಿ ನಾನು ಬಿಟ್ಟ ಕೆಲಸ ಒಂದು ಇದ್ದರೆ ತೋರಿಸಿ.

ನೆಗೆಣ್ಣಿ? ಆಕೆ ಬರುವಷ್ಟರಲ್ಲಿ ನಮ್ಮ ಬುತ್ತಿ ಮುಗಿದಿರುತ್ತಿತ್ತು. ಇಸ್ತ್ರಿ ಮಾಡಿದಂಥ ಸೀರೆ, ಬಾಯಿತುಂಬ ಎಲೆ ಅಡಿಕೆ, ಎರಡು ಕೈಗೂ ಮೊಣಕೈವರೆಗೆ ಹಸಿರು ಬಳೆ. ಆಕೆ ಕಟ್ಟಿದ ಬದು ಹಾವಿನಂತೆ ಹರಿದಿರುತ್ತಿತ್ತು. ಕಳೆ ತೆಗೆಯಲು ಕೂರಿಸಿದರೆ ಬದನೆ ಸಸಿಯನ್ನೇ ಕಿತ್ತು, ಕಳೆಯನ್ನು ಜೋಪಾನವಾಗಿ ಬಿಡುತ್ತಿದ್ದಳು. ಅದನ್ನು ತೋರಿಸಿದರೆ, ಆ ಸಸಿಯ ಋಣ ಅಷ್ಟೇ ಇತ್ತು ಎಂದು ನಗುತ್ತಿದ್ದಳು. ಆಕೆಯ ನಗು ಹಳ್ಳದ ಆಚೆ ದಂಡೆಗೂ ಕೇಳುತ್ತಿತ್ತು. ಅತ್ತೆ ಒಡೆದದ್ದು ಹಳೇ ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ ಎಂಬ ಗಾದೆ ಉಂಟು. ನಮ್ಮ ಹೊಲದಲ್ಲಿ ದೊಡ್ಡಾಕಿ ಒಡೆದದ್ದೆಲ್ಲ ಹಳೇ ಗಡಿಗೆ.

ಆಕೆ ಕೆಟ್ಟವಳಾದರೂ ಆಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು. ಅದೂ ಇಲ್ಲ. ಯಾರಿಗಾದರೂ ಜ್ವರ ಎಂದರೆ ಮೊದಲು ಗಂಜಿ ತಂದುಕೊಡುವವಳು ಆಕೆ. ಮಡಿಯ ನೀರಿಗಾಗಿ ಇಬ್ಬರು ಜಗಳಕ್ಕೆ ನಿಂತರೆ ನಡುವೆ ಹೋಗಿ ನಿಂತು, "ಮಣ್ಣಿಗೆ ಕಿವಿ ಅದಾವ. ಅದರ ಮುಂದ ಹೊಲಸು ಬೈಬ್ಯಾಡ್ರಿ, ಕಾಯಿ ಕಹಿ ಆಗ್ತಾವ" ಎನ್ನುತ್ತಿದ್ದಳು. ಜಗಳ ಅಲ್ಲಿಗೆ ನಿಲ್ಲುತ್ತಿತ್ತು. ಆ ಮಾತನ್ನು ನಾನು ಹೇಳಿದ್ದರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತಿದ್ದರು.

ಹೋಳಿ ಹುಣ್ಣಿಮೆಯ ಆಸುಪಾಸಿಗೆ ಬೀಜ ಹಾಕುವ ದಿನ. ಪ್ರತಿ ಮಡಿಗೂ ಮೊದಲ ಬೀಜ ನೆಗೆಣ್ಣಿಯ ಕೈಯಿಂದಲೇ ಬೀಳಬೇಕು. ಹೇಗೆ ಶುರುವಾಯಿತೋ, ಅದು ಕಟ್ಟಳೆಯಾಗಿಬಿಟ್ಟಿತ್ತು. ಅವತ್ತಂತೂ ಆಕೆ ಇನ್ನೂ ತಡ. ಒಬ್ಬರನ್ನು ಕಳಿಸಿ, ಮತ್ತೊಬ್ಬರನ್ನು ಕಳಿಸಿ ಕರೆಸಬೇಕು. ಬಂದ ಮೇಲೂ ಸೆರಗಿಗೆ ಕೈ ಒರೆಸುತ್ತಾ, ಅದು ಆಯಿತೇ ಇದು ಆಯಿತೇ ಎಂದು ಕೇಳುತ್ತಾ, ಚಹಾ ಬೇಕೆನ್ನುತ್ತಾ, ಹೊತ್ತು ಏರಿಸುತ್ತಿದ್ದಳು. ಬಿಂಕ ನೋಡು ಬಿಂಕ ಎಂದು ನಾನು ಹಲ್ಲು ಕಚ್ಚುತ್ತಿದ್ದೆ. ಬೀಜ ಹಾಕಿದ ಮೇಲೆ ಇನ್ನೊಂದು ವಿಚಿತ್ರ. ವರ್ಷವಿಡೀ ತಡವಾಗಿ ಏಳುವ ಹೆಂಗಸು, ಆ ನಾಲ್ಕಾರು ದಿನ ಮಾತ್ರ ನಸುಕಿನಲ್ಲೇ ನನಗಿಂತ ಮುಂಚೆ ಹೊಲದಲ್ಲಿರುತ್ತಿದ್ದಳು. ಬಾವಿಯ ಹತ್ತಿರದ ಮಡಿಯ ತಲೆಗೆ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನೇ ನೋಡುತ್ತಿದ್ದಳು. ತನ್ನ ಕೈಗುಣವನ್ನು ತಾನೇ ನೋಡಿ ಖುಷಿಪಡಲು ಬಂದಿದ್ದಾಳೆ ಎಂದುಕೊಂಡು ನಾನು ಮಾತಾಡಿಸದೆ ಬಾವಿಗೆ ಹಗ್ಗ ಇಳಿಬಿಡುತ್ತಿದ್ದೆ.

ಬೆವರು ನನ್ನದು, ಹೆಸರು ಆಕೆಯದು. ಒಂದು ವರ್ಷ ನನ್ನ ಮಡಿಯ ಹಾಗಲಕಾಯಿ ನೋಡಿ ಯಾದಗಿರಿಯ ವ್ಯಾಪಾರಿಯೊಬ್ಬ ಇಂಥ ಕಾಯಿ ಈ ಸಲ ಎಲ್ಲೂ ನೋಡಿಲ್ಲ ಎಂದ. ನಾನು ಬಾಯಿ ತೆರೆಯುವುದರೊಳಗೆ ಪಕ್ಕದವಳು, ನಮ್ಮ ದೊಡ್ಡಾಕಿ ಹಾಕಿದ ಬೀಜ, ಆಗದೇ ಇರುತ್ತದೆಯೇ ಎಂದಳು. ಎರಡು ತಿಂಗಳು ಆ ಬಳ್ಳಿಗೆ ಕೊಡದಿಂದ ನೀರು ಹೊತ್ತ ನನ್ನ ಸೊಂಟ ಯಾರಿಗೂ ಕಾಣಲಿಲ್ಲ. ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡೆ. ಕೈ ಯಾರದಾದರೇನು, ಪಲ್ಯ ಛಲೋ ಆಗಿದೆ ಎಂದರು. ಆ ದಿನ ಅವರಿಗೆ ಎರಡನೇ ರೊಟ್ಟಿ ಸಿಗಲಿಲ್ಲ.

ನನಗೆ ಬೇಕಾದದ್ದು ಬಹಳವೇನಲ್ಲ. ಒಂದೇ ಒಂದು ವರ್ಷ, ಎಲ್ಲರ ಎದುರಿಗೆ, ಮೊದಲ ಬೀಜ ನನ್ನ ಕೈಯಿಂದ ಬೀಳಬೇಕು. ಅದು ಹುಟ್ಟಬೇಕು. ನನ್ನದು ಒಣ ಕೈ ಅಲ್ಲ ಎಂದು ಊರು ಒಪ್ಪಬೇಕು. ಮದುವೆಯಾದ ಮರುದಿನದಿಂದ ನಾನು ಕಾದದ್ದು ಇದಕ್ಕೆ.

ಹೋದ ವರ್ಷ ಆ ಅವಕಾಶ ಬಂತು. ನೆಗೆಣ್ಣಿಯ ಮಗಳನ್ನು ಸುರಪುರಕ್ಕೆ ಕೊಟ್ಟಿದ್ದಾರೆ. ಅವಳ ಬಾಣಂತನಕ್ಕೆಂದು ನೆಗೆಣ್ಣಿ ಶಿವರಾತ್ರಿಗೇ ಹೋದವಳು ಹೋಳಿ ಹತ್ತಿರ ಬಂದರೂ ತಿರುಗಿ ಬರಲಿಲ್ಲ. ಫೋನ್ ಮಾಡಿದರೆ ನಾಳೆ ಬರುತ್ತೇನೆ ಎನ್ನುತ್ತಿದ್ದಳು. ಆ ಮಾತು ನಂಬಿ ಬೀಜ ನೆನೆಸಿ ಕಟ್ಟಿದೆವು. ಬೀಜ ಮೂತಿ ಒಡೆಯಿತು. ಆಕೆ ಬರಲಿಲ್ಲ. ಮತ್ತೆ ಫೋನ್, ಮತ್ತೆ ನಾಳೆ. ಬಟ್ಟೆಯೊಳಗೆ ಬೇರುಗಳು ಒಂದಕ್ಕೊಂದು ಸುತ್ತಿಕೊಳ್ಳತೊಡಗಿದವು. ನಾನು ತಡೆಯಲಾರದೆ, ಬೀಜ ಕಾಯುವುದಿಲ್ಲ, ಕೊಡಿ, ನಾನೇ ಹಾಕುತ್ತೇನೆ ಎಂದೆ. ನಮ್ಮಲ್ಲೆಲ್ಲ ಹಿರಿಯಳಾದ ಕುಂಬಾರ ಮನೆಯ ಅಜ್ಜಿ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: "ಸಿಟ್ಟಾಗಬ್ಯಾಡ ನನ್ನವ್ವಾ. ನಿಂದು ಒಣ ಕೈ. ಎಲ್ಲಾರ ಬ್ಯಾಸಗಿ ಪ್ರಶ್ನೆ ಅದ."

ಆಕೆಯ ಕೈಗುಣಕ್ಕಾಗಿ ಕಾಯುತ್ತಾ ಕೂತರು. ಕೊನೆಗೆ ಬಟ್ಟೆ ಬಿಚ್ಚಿದಾಗ ಗಬ್ಬು ನಾತ ಹೊಡೆಯಿತು. ಅಷ್ಟೂ ಬೀಜ ಕೊಳೆತು ಲೋಳೆಯಾಗಿತ್ತು. ಮತ್ತೆ ಬೀಜ ಎಲ್ಲಿಂದ ಬಂತು ಗೊತ್ತೇ? ಕೊಂಕಲ್‌ನಿಂದ. ನನ್ನ ತವರಿನಿಂದ. ನಾನೇ ಹೋಗಿ, ಅಣ್ಣನ ಹೆಂಡತಿಯ ಗಡಿಗೆ ಬರಿದು ಮಾಡಿ ತಂದೆ. ನಾನೇ ನೆನೆಸಿದೆ, ನಾನೇ ಕಟ್ಟಿದೆ.

ಬೀಜ ಮೂತಿ ಒಡೆದ ದಿನವೇ ನೆಗೆಣ್ಣಿ ಶಹಾಪುರದಲ್ಲಿ ಬಸ್ಸು ಬದಲಿಸಿಕೊಂಡು ಬಂದಿಳಿದಳು. ಕೈಚೀಲ ಹಿಡಿದುಕೊಂಡೇ ಸೀದಾ ಹೊಲಕ್ಕೆ ಬಂದಳು. ನಡೆದದ್ದನ್ನು ಕೇಳಿ ಎಲ್ಲರನ್ನೂ ಝಾಡಿಸಿದಳು. ಆಕೆಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ನಾಳಿ ನಾ ಸತ್ತರ ಏನ್ ಮಾಡ್ತೀರಿ? ಹಿಂಗ ಬೀಜ ಕೊಳಿಸಿಕೋತ ಕುಂದರ್ತೀರೇನು? ಈಕಿ ಕೈಗೆ ಏನ್ ಆಗ್ಯಾದ? ಈ ಸಲ ಸಣ್ಣಾಕಿನೇ ಹಾಕ್ಲಿ."

ಹೇಳಿ ಬೀಜದ ಬಟ್ಟೆಯನ್ನು ನನ್ನ ಕಡೆ ಚಾಚಿದಳು. ಅಷ್ಟು ವರ್ಷ ಬೇಡಿದ್ದು ಮುಖದ ಎದುರಿಗೇ ಬಂದು ನಿಂತಿತ್ತು. ಆದರೆ ಅದು ಆಕೆ ಕೊಟ್ಟರೆ ನನಗೆ ಸಿಗಬೇಕೇ? ಆಕೆ ಹೂಂ ಎಂದರೆ ನನ್ನ ಕೈ ಹಸಿ, ಊಹೂಂ ಎಂದರೆ ಒಣವೇ? ನನ್ನ ತವರಿನ ಬೀಜವನ್ನು ನನಗೇ ದಾನ ಕೊಡಲು ಈಕೆ ಯಾರು? ಮೈಯೆಲ್ಲ ಉರಿಯಿತು.

"ನೀ ಬಿಟ್ಟಿದ್ದು ನನಗ ಬ್ಯಾಡ" ಎಂದೆ. ಬಾವಿಯ ಕಡೆ ತಿರುಗಿ ನಿಂತೆ.

ನೆಗೆಣ್ಣಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಒಬ್ಬೊಬ್ಬರ ಮಡಿಗೂ ಹೋಗಿ ಬೀಜ ಹಾಕಿದಳು. ಆ ದಿನ ನಗಲಿಲ್ಲ, ಚಹಾ ಕೇಳಲಿಲ್ಲ. ಆಕೆಯ ಮುಖ ಸಣ್ಣಗಾದದ್ದನ್ನು ಓರೆಗಣ್ಣಿನಿಂದ ನೋಡಿದೆ. ಅವಮಾನವಾಗಿದೆ, ಆಗಲಿ ಎಂದುಕೊಂಡೆ. ರಾತ್ರಿ ಎರಡು ರೊಟ್ಟಿ ಹೆಚ್ಚೇ ತಿಂದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಗೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಊರಿನ ಔಷಧ, ಯಾದಗಿರಿಯ ದವಾಖಾನೆ ಎಲ್ಲ ಮುಗಿಸಿ ಕಲಬುರಗಿಗೆ ಒಯ್ದರು. ಮಗಳಿಗೆ ಕೈಗೂಸು. ಹತ್ತಿರ ಕೂರಲು ನಾನೇ ಹೋಗಬೇಕಾಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸಲೆಂದು ಎಬ್ಬಿಸಿ ಕೂರಿಸುವಾಗ ಆಕೆ ಬಲಗೈಯನ್ನು ನನ್ನ ಕೈಯಲ್ಲಿ ಇಟ್ಟಳು. ಜೋಳದ ದಂಟಿನಿಂದ ಸುಲಿದ ಒಣ ಎಲೆ, ರವದಿಯಂತೆ ಸರಸರ ಎಂದಿತು.

"ಮುಟ್ಟಿ ನೋಡು ಸಣ್ಣಾಕಿ, ಹೆಂಗ ಒಣಗ್ಯಾದ."

"ಜಲ್ದಿ ಆರಾಮ ಆಗಿ ಬಾ. ಹೋಳಿಗೆ ಬೀಜ ನೀನೇ ಹಾಕಬೇಕು" ಎಂದೆ.

"ಬ್ಯಾಡವ್ವಾ" ಎಂದು ನಕ್ಕಳು. ಸಪ್ಪಳವಿಲ್ಲದ ನಗು. "ಅದೊಂದು ತಪ್ಪಿತಲ್ಲ. ಹಗೂರ ಆತು ನೋಡು."

ಸತ್ಯ ಹೇಳುತ್ತೇನೆ, ಆಗಲೂ ನನಗೆ ರೇಗಿತು. ಹಾಸಿಗೆ ಹಿಡಿದರೂ ಈಕೆಯ ಬಿಂಕ ಹೋಗಲಿಲ್ಲವಲ್ಲ, ನಾನು ಜೀವವಿಡೀ ಬಯಸಿದ್ದನ್ನು ಭಾರ ಎನ್ನುತ್ತಾಳಲ್ಲ ಎಂದು. ಚಮಚ ಬಾಯಿಗೆ ಇಟ್ಟೆ. ಆಕೆ ಸುಮ್ಮನೆ ಕುಡಿದಳು.

ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ಎಡೆ ಮಾಡಿ ಚರಗ ಚೆಲ್ಲಲು ಊರೆಲ್ಲ ಹೊಲಕ್ಕೆ ಹೊರಡುವ ಹೊತ್ತಿಗೆ ನೆಗೆಣ್ಣಿ ಇರಲಿಲ್ಲ. ಹೆಣದ ಮುಂದೆ ಹೆಣ್ಣುಮಕ್ಕಳು ನಮ್ಮ ಹೊಲದ ಕೈ ಹೋಯಿತು ಎಂದು ಎದೆ ಬಡಿದುಕೊಂಡು ಅತ್ತರು. ನಾನೂ ಅಳುತ್ತಿದ್ದೆ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಅಳು ಅರ್ಧಕ್ಕೆ ನಿಂತಿತು. ಅಂಥ ಹೊತ್ತಲ್ಲೂ ಹೊಟ್ಟೆ ಉರಿಯುತ್ತದೆಯೇ ಎಂದು ಕೇಳಬೇಡಿ. ಉರಿಯಿತು.

ಈ ವರ್ಷ ಶಿವರಾತ್ರಿ ಬಂತು. ಕುರಿ ನಿಂತವು, ಹೆಂಟೆ ಒಡೆದೆವು. ಬದುಗಳೆಲ್ಲ ನೆಟ್ಟಗೆ ಬಂದವು. ಬದನೆ ಸಸಿಗಳನ್ನು ಕೀಳುವವರೂ ಇರಲಿಲ್ಲ. ಬೀಜ ಮೂತಿ ಒಡೆದ ದಿನ ಎಲ್ಲರೂ ಬಂದು ನಿಂತರು. ಕುಂಬಾರ ಮನೆಯ ಅಜ್ಜಿ ಒದ್ದೆ ಬಟ್ಟೆ ತಂದು ನನ್ನ ಮುಂದೆ ಹಿಡಿದು, "ಹಾಕವ್ವಾ. ಆಕಿನೇ ಹೇಳಿದ್ದಳಲ್ಲ" ಎಂದಳು.

ಮತ್ತೆ ಆಕೆಯೇ. ಇರಲಿ ಎಂದು ಬೀಜ ತೆಗೆದುಕೊಂಡೆ. ಈ ಗಳಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಆಡಿ ನೋಡಿದ್ದೆ. ಎದೆ ಉಬ್ಬಿಸಿ ಹೀಗೆ ನಡೆಯಬೇಕು, ಹೀಗೆ ಬಗ್ಗಬೇಕು ಎಂದು. ಮಡಿಯ ತಲೆಗೆ ಹೋಗಿ ಸುತ್ತ ನೋಡಿದೆ. ಒಬ್ಬಳ ಗಂಡ ಬೆನ್ನು ಮುರಿದುಕೊಂಡು ಮಲಗಿದ್ದಾನೆ. ಒಬ್ಬಳ ಮೊಮ್ಮಗಳು ಈ ಸಲ ಯಾದಗಿರಿಯ ಕಾಲೇಜಿಗೆ ಹೋಗಬೇಕು. ಅಜ್ಜಿಗೆ ತಿಂಗಳ ಗುಳಿಗೆ ಬೇಕು. ಎಲ್ಲರೂ ನನ್ನ ಅಂಗೈಯನ್ನೇ ನೋಡುತ್ತಿದ್ದರು. ಹುಟ್ಟದಿದ್ದರೆ? ಈ ಸಲ ಕೋಳಿಯ ಮೇಲೆ ಹಾಕಲು ಬರುವುದಿಲ್ಲ. ಗುಣಿಯ ಮೇಲೆ ಕೈ ಹಿಡಿದು ಬೋರಲು ಮಾಡಿದೆ.

ಬೀಜ ಬೀಳಲಿಲ್ಲ. ಅಂಗೈಗೆ ಅಂಟಿಕೊಂಡಿತ್ತು.

ಬೀಜವನ್ನು ಎಡಗೈಗೆ ತೆಗೆದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. ಮತ್ತೆ ಹಸಿ. ಮತ್ತೆ ಒರೆಸಿಕೊಂಡೆ. ಒರೆಸಿಕೊಳ್ಳುತ್ತಿದ್ದ ಹಾಗೇ ನನ್ನ ಕೈ ನಿಂತಿತು. ಇದೇ ಸೆರಗು, ಇದೇ ಒರೆಸುವುದು. ಅಷ್ಟು ವರ್ಷ ನಾನು ಬಿಂಕ ಎಂದದ್ದು ಇದನ್ನೇ. ಹೆದರಿಕೆ. ಬರೀ ಹೆದರಿಕೆ. ಮದುವೆಯ ಮರುದಿನ ನೆಂಟರ ಎದುರಿಗೆ ಆಕೆಯ ಅಂಗೈ ಬೆವತದ್ದು ಹೆದರಿಕೆಗೆ. ಸಣ್ಣ ಹುಡುಗಿ. ನಮ್ಮ ಅತ್ತೆ ಆ ಬೆವರಿಗೆ ಕೈಗುಣ ಎಂದು ಹೆಸರಿಟ್ಟರು. ಹಾಗೆಂದ ಮೇಲೆ, ಇಲ್ಲ, ಅಂಜಿಕೆಯಾಗಿದೆ ಎಂದು ಹೇಳಲು ಬರುತ್ತದೆಯೇ? ಬೀಜ ಹಾಕುವ ದಿನ ತಡ ಮಾಡಿದ್ದು, ನಸುಕಿನಲ್ಲಿ ಬಂದು ಮಣ್ಣು ಕಾದದ್ದು, ಸುರಪುರದಿಂದ ನಾಳೆ ನಾಳೆ ಎಂದದ್ದು ಎಲ್ಲ ಅದಕ್ಕೇ. ಒಂದು ಸಲ, ಒಂದೇ ಸಲ, ಆ ಭಾರವನ್ನು ಇಳಿಸಲು ನನ್ನ ಕಡೆ ಕೈ ಚಾಚಿದ್ದಳು. ಬೇಡ ಎಂದು ಬಾವಿ ನೋಡುತ್ತಾ ನಿಂತವಳು ನಾನು.

ಅಜ್ಜಿ ಬಂದು ನನ್ನ ಅಂಗೈ ಮುಟ್ಟಿದಳು. "ನೋಡ್ರಿ ಇಲ್ಲಿ, ಹಸಿ ಆಗ್ಯಾದ. ಥೇಟ್ ದೊಡ್ಡಾಕಿ ಕೈ ಬಂದದ" ಎಂದಳು. ಎಲ್ಲರ ಮುಖ ಅರಳಿತು. ಇದು ಗುಣವಲ್ಲ, ಅಂಜಿಕೆ ಎಂದು ಹೇಳಬೇಕೆನಿಸಿತು. ಆ ಮುಖಗಳನ್ನು ನೋಡಿ ಬಾಯಿ ಬರಲಿಲ್ಲ. ಬೀಜವನ್ನು ಮತ್ತೆ ಅಂಗೈಗೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಬಿಡಿಸಿ ಮಣ್ಣಿಗೆ ಹಾಕಿದೆ. ಚಹಾ ಬೇಕು ಎಂದೆ.

ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಮೊದಲು ಆಕೆಯ ಕೈಗೆ ಉರಿಯುತ್ತಿದ್ದೆ. ಈಗ ಆಕೆಯ ನಗುವಿಗೆ ಉರಿಯುತ್ತೇನೆ. ಅಷ್ಟು ಅಂಜಿಕೆ ಇಟ್ಟುಕೊಂಡು ಹಳ್ಳದ ಆಚೆಗೆ ಕೇಳುವ ಹಾಗೆ ನಗುತ್ತಿದ್ದಳಲ್ಲ, ಅದು ನನ್ನಿಂದ ಆಗಲಿಲ್ಲ. ಬೀಜ ಹಾಕಿದ ದಿನದಿಂದ ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಸುಕಿಗೇ ಎದ್ದು ಹೊಲಕ್ಕೆ ಹೋಗಿ, ಬಾವಿಯ ಹತ್ತಿರದ ಮಡಿಯ ತಲೆಗೆ, ಆಕೆ ಕೂರುತ್ತಿದ್ದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಮಣ್ಣು ಅಲ್ಲಲ್ಲಿ ಬಿರಿದಿತ್ತು. ಬಗ್ಗಿ ನೋಡಿದೆ. ಬಿರುಕಿನೊಳಗೆ ಹಸಿರು, ಇನ್ನೂ ಬೆನ್ನು ಬಾಗಿಸಿಕೊಂಡೇ ಇತ್ತು.

"ಅಕ್ಕಾ, ಹುಟ್ಯಾವ ನೋಡು" ಎಂದೆ.

ಹೊಲದಲ್ಲಿ ಯಾರೂ ಇರಲಿಲ್ಲ. ನನಗಿಂತ ಎರಡು ವರ್ಷ ಸಣ್ಣವಳನ್ನು, ಯಾರೂ ಪಕ್ಕೆಗೆ ತಿವಿಯದೆ ನಾನು ಅಕ್ಕಾ ಎಂದದ್ದು ಅದೇ ಮೊದಲು.